ಅಜ್ಜಿಯ ವ್ಯಾನಿನ ವಯರು

ಕಳೆದ ಆದಿತ್ಯವಾರ ಪೂಜೆ ಮುಗಿದು ಇಗರ್ಜಿ ಅಂಗಳದಲ್ಲಿ ನಿಂತಿದ್ದಾಗ ನಿಮ್ಮಲ್ಲಿ ಮೂರು ನಾಲ್ಕು ಜನ ನನ್ನಲ್ಲಿ ಕೇಳಿದಿರಿ, "ಬಾಪ್ಪುವಿನ ವ್ಯಾನಿನ ಹಿಂದೆ ಆ ನೀಲಿ ಮುಚ್ಚಳ ಎಂತದು?" ಎಂದು. ಡೀಸೆಲ್ ಹಾಕುವ ಜಾಗವಾ ಎಂದೂ ಒಬ್ಬ ಕೇಳಿದ. ಅಲ್ಲೇ ನಿಂತು ಹೇಳಿ ಮುಗಿಸುವ ಕಥೆ ಅಲ್ಲ ಅದು. ಹೇಳಲು ಸ್ವಲ್ಪ ನಾಚಿಕೆಯೂ ಇತ್ತು. ಹಾಗಾಗಿ ಇಲ್ಲಿ ಬರೆಯುತ್ತಿದ್ದೇನೆ.

ಬಾಪ್ಪು ಅಂದರೆ ನನ್ನ ಪಪ್ಪನ ತಮ್ಮ. ಗಲ್ಫ್ ಬಿಟ್ಟು ಊರಿಗೆ ಬಂದ ಮೇಲೆ ಹಳೆಯ ಟೆಂಪೊ ಟ್ರಾವೆಲರ್ ಒಂದನ್ನು ಕೊಂಡರು. ಮೊದಲಿನ ಮಾಲೀಕ ಅದರ ಸೀಟುಗಳನ್ನು ತೆಗೆಸಿ, ಎರಡು ಮಂಚ, ಒಂದು ಸಣ್ಣ ಕಪಾಟು, ಫ್ಯಾನು, ಲೈಟು ಹಾಕಿಸಿದ್ದ. 2021ರಲ್ಲಿ ನಮ್ಮ ರಾಜ್ಯ ಸರಕಾರ 'ಕೆರವಾನ್ ಕೇರಳ' ಎಂಬ ಪ್ರವಾಸೋದ್ಯಮ ಯೋಜನೆಯನ್ನು ಪ್ರಕಟಿಸಿದ ಮೇಲೆ ಇಂಥ ಗಾಡಿಗಳ ಬಗ್ಗೆ ನಮ್ಮ ಕಡೆಯೂ ಮಾತು ಶುರುವಾಗಿತ್ತು. ಆದರೆ ಬಾಪ್ಪು ಕೊಂಡದ್ದು ಪ್ರವಾಸಿಗರಿಗಾಗಿ ಅಲ್ಲ, ಅಜ್ಜಿಗಾಗಿ. ಅಜ್ಜಿಗೆ ಇನ್ನೊಂದು ಸಲ ವೇಲಂಕಣಿಗೆ ಹೋಗಬೇಕೆಂಬ ಆಸೆ. ಬಸ್ಸಿನಲ್ಲಿ, ರೈಲಿನಲ್ಲಿ ಕುಳಿತುಕೊಳ್ಳಲು ಆಗುವುದಿಲ್ಲ. ಅದಕ್ಕಿಂತ ದೊಡ್ಡ ತೊಂದರೆ, ರಾತ್ರಿ ಮಲಗುವಾಗ ಅವರಿಗೆ ಆಕ್ಸಿಜನ್ ಕಾನ್ಸಂಟ್ರೇಟರ್ ಬೇಕು. ಗಾಳಿಯಿಂದ ಆಮ್ಲಜನಕವನ್ನು ಬೇರ್ಪಡಿಸಿ ಕೊಡುವ ಆ ಯಂತ್ರಕ್ಕೆ ಸುಮಾರು 350 ವಾಟ್ ಕರೆಂಟು ಬೇಕು. ಇಡೀ ರಾತ್ರಿ. ವ್ಯಾನಿನ ಬ್ಯಾಟರಿ, ಇನ್ವರ್ಟರು ಅಷ್ಟು ಹೊತ್ತು ತಡೆಯುವುದಿಲ್ಲ. ಎಲ್ಲಿ ನಿಲ್ಲಿಸುತ್ತೇವೋ ಅಲ್ಲಿ ಯಾರದ್ದಾದರೂ ಗೋಡೆಯ ಸಾಕೆಟ್ಟಿನಿಂದ ಕರೆಂಟು ತೆಗೆದುಕೊಳ್ಳಲೇಬೇಕು.

ಅದಕ್ಕೆಂದು ವ್ಯಾನಿನಲ್ಲಿ ಇಪ್ಪತ್ತು ಮೀಟರಿನ ವಯರು ಇತ್ತು. ಒಂದು ತುದಿಯಲ್ಲಿ ಪ್ಲಗ್. ಇನ್ನೊಂದು ತುದಿ ವ್ಯಾನಿನೊಳಗೇ ಕಾಯಂ. ನೆಲದ ತಗಡಿಗೆ ತೂತು ಕೊರೆದು, ಅದರಲ್ಲಿ ವಯರು ತೂರಿಸಿ, ಎಳೆದರೆ ಹೊರಗೆ ಬರದ ಹಾಗೆ ಒಳಗಡೆ ಒಂದು ಗಂಟು ಹಾಕಿ, ಸೀದಾ ಸ್ವಿಚ್ ಬೋರ್ಡಿಗೆ ಕೊಟ್ಟಿದ್ದರು. ಅಮೆರಿಕದಲ್ಲಿ ಆರ್‌ವಿ ಎನ್ನುವ ಮನೆಗಾಡಿಗಳಲ್ಲೂ ಹಳೆಯವಕ್ಕೆ ಹೀಗೆ ಬಿಚ್ಚಲಾಗದ ವಯರು ಇರುತ್ತದಂತೆ. ಆದರೆ ಅಲ್ಲಿ ವಯರನ್ನು ತುಂಬಿಡಲು ಒಂದು ಗೂಡಾದರೂ ಇರುತ್ತದೆ. ನಮ್ಮದನ್ನು ಮಂಚದ ಅಡಿಗೆ ದೂಡುತ್ತಿದ್ದೆವು. ಇಲಿಗಳಿಗೆ ಅದು ಬಹಳ ಇಷ್ಟ.

ಒಮ್ಮೆ ಕಾಞಂಗಾಡಿನ ಸಂಬಂಧಿಕರ ಮನೆಯಲ್ಲಿ ರಾತ್ರಿ ಉಳಿದು, ಬೆಳಿಗ್ಗೆ ಗಡಿಬಿಡಿಯಲ್ಲಿ ಬಾಪ್ಪು ವಯರು ತೆಗೆಯಲು ಮರೆತು ಗಾಡಿ ಬಿಟ್ಟರು. ಜಗಲಿಯ ಸಾಕೆಟ್ಟು ಗೋಡೆ ಸಮೇತ ಕಿತ್ತು ಬಂತು. ಎಲ್ಲರೂ ನಕ್ಕೆವು, ಸಾಕೆಟ್ಟಿನ ದುಡ್ಡು ಕೊಟ್ಟೆವು, ಮರೆತೆವು. ಅದಾಗಿ ವಾರದ ನಂತರ, ಮನೆಯ ಅಂಗಳದಲ್ಲೇ ವ್ಯಾನಿನೊಳಗೆ ಅಜ್ಜಿಯನ್ನು ಒಂದು ರಾತ್ರಿ ಮಲಗಿಸಿ ನೋಡೋಣ ಎಂದು ಮಲಗಿಸಿದಾಗ, ಎರಡು ಗಂಟೆಗೆ ಕಾನ್ಸಂಟ್ರೇಟರ್ ಬೀಪ್ ಬೀಪ್ ಎಂದು ಕಿರುಚಿತು. ಕರೆಂಟು ಹೋದರೆ ಅದು ಹಾಗೆ ಎಚ್ಚರಿಸುತ್ತದೆ. ಮನೆಯಲ್ಲಿ ಲೈಟು ಇತ್ತು, ವ್ಯಾನಿನಲ್ಲಿ ಇರಲಿಲ್ಲ. ನಾನು ಟಾರ್ಚು ಹಿಡಿದು ಓಡುವಾಗ ಅಜ್ಜಿ ಎದ್ದು ಕುಳಿತು ಜಪಸರ ಹಿಡಿದಿದ್ದರು. ಬೋರ್ಡು ಬಿಚ್ಚಿ ನೋಡಿದರೆ ಫೇಸಿನ ವಯರು ಸ್ಕ್ರೂವಿನಲ್ಲಿ ಸಡಿಲವಾಗಿ, ಕಿಡಿ ಹಾರಿ ಹಾರಿ ಕಪ್ಪಾಗಿತ್ತು. ಆಮ್ಲಜನಕ ಹರಿಯುವ ಮಂಚದಿಂದ ಅದು ಮೂರು ಅಡಿ ದೂರವೂ ಇರಲಿಲ್ಲ.

ಹಸಿರು ವಯರನ್ನು, ಅಂದರೆ ಅರ್ತನ್ನು, ನೋಡಿ ಇನ್ನೂ ಹೆದರಿಕೆಯಾಯಿತು. ಅದು ಪೂರ್ತಿ ಬಿಟ್ಟುಹೋಗಿ ಗಾಳಿಯಲ್ಲಿ ನೇತಾಡುತ್ತಿತ್ತು. ಕಾಞಂಗಾಡಿನ ಆ ಎಳೆತಕ್ಕೆ ಮೊದಲು ಕಿತ್ತದ್ದು ಅದೇ, ಯಾಕೆಂದರೆ ಮೂರರಲ್ಲಿ ಅದನ್ನೇ ಗಿಡ್ಡ ಕತ್ತರಿಸಿದ್ದರು. ಅರ್ತ್ ಹೋದರೆ ಲೈಟು ಆರುವುದಿಲ್ಲ, ಫ್ಯಾನು ನಿಲ್ಲುವುದಿಲ್ಲ. ಒಂದು ವಾರ ನಮಗೆ ಯಾರಿಗೂ ಗೊತ್ತಾಗಿರಲಿಲ್ಲ. ವ್ಯಾನು ನಿಂತಿರುವುದು ರಬ್ಬರ್ ಟಯರಿನ ಮೇಲೆ. ಒಳಗೆ ಎಲ್ಲೋ ಫೇಸ್ ತಗಡಿಗೆ ತಾಗಿದರೆ ಇಡೀ ಗಾಡಿಯ ಮೈಯಲ್ಲಿ 230 ವೋಲ್ಟ್ ನಿಂತಿರುತ್ತದೆ, ಹರಿದು ಹೋಗಲು ದಾರಿ ಇರುವುದಿಲ್ಲ. ಒದ್ದೆ ನೆಲದಲ್ಲಿ ಬರಿಗಾಲಲ್ಲಿ ನಿಂತು ಬಾಗಿಲ ಹಿಡಿ ಹಿಡಿದವರೇ ಆ ದಾರಿ. ನಮ್ಮ ಮನೆಯಲ್ಲಿ ಹಾಗೆ ಬರಿಗಾಲಲ್ಲಿ ಓಡಾಡುವವರು ಅಜ್ಜಿಯೊಬ್ಬರೇ.

ಇಷ್ಟರವರೆಗೆ ನನ್ನ ತಪ್ಪು ಇಲ್ಲ. ಇನ್ನು ಮುಂದಿನದು ನನ್ನದು.

"ಈ ಕಾಯಂ ವಯರೇ ಬೇಡ, ಬಿಚ್ಚಿ ತೆಗೆಯುವ ಹಾಗೆ ಮಾಡು" ಎಂದರು ಬಾಪ್ಪು. ನಾನು ಐಟಿಐಯಲ್ಲಿ ಎಲೆಕ್ಟ್ರಿಷಿಯನ್ ಟ್ರೇಡಿನವನು, ಎರಡನೆಯ ವರ್ಷ. ಯಾರನ್ನೂ ಕೇಳಲಿಲ್ಲ. ವ್ಯಾನಿನ ಹಿಂಬದಿಗೆ ಮನೆಯಲ್ಲಿ ಇರುವಂಥದ್ದೇ 16 ಆಂಪಿಯರಿನ ಸಾಕೆಟ್ಟು ಕೂರಿಸಿದೆ. ವಯರಿನ ಎರಡೂ ತುದಿಗೆ ಪ್ಲಗ್ ಹಾಕಿದೆ. ಒಂದು ಮನೆಯ ಸಾಕೆಟ್ಟಿಗೆ, ಇನ್ನೊಂದು ವ್ಯಾನಿನ ಸಾಕೆಟ್ಟಿಗೆ. ಮಧ್ಯಾಹ್ನದೊಳಗೆ ಕೆಲಸ ಮುಗಿಯಿತು. ಲೈಟು ಉರಿಯಿತು, ಫ್ಯಾನು ತಿರುಗಿತು. ಬಾಪ್ಪು ನನ್ನ ಬೆನ್ನು ತಟ್ಟಿದರು. ಫೋಟೊ ತೆಗೆದು ಸ್ಟೇಟಸ್ ಕೂಡ ಹಾಕಿದ್ದೆ. ನಿಮ್ಮಲ್ಲಿ ಕೆಲವರು ಅದಕ್ಕೆ ಹೃದಯ ಒತ್ತಿದ್ದೀರಿ, ನೆನಪಿರಬಹುದು.

ಹತ್ತು ಹನ್ನೆರಡು ದಿನದ ಮೇಲೆ ಒಂದು ಸಂಜೆ, ಮನೆಯ ಕಡೆಯ ಪ್ಲಗ್ ಹಾಕಿಯೇ ಇತ್ತು, ಸ್ವಿಚ್ಚೂ ಆನ್ ಇತ್ತು. ವ್ಯಾನಿನ ಕಡೆಯದನ್ನು ಯಾರೋ ತೆಗೆದು ಅಂಗಳದಲ್ಲಿ ಹಾಕಿದ್ದರು. ಬಾಪ್ಪುವಿನ ಮಗಳಿಗೆ ಆರು ವರ್ಷ. ಅವಳು ಆ ತುದಿಯನ್ನು ಎತ್ತಿ, ಬಾಯಿಯ ಹತ್ತಿರ ಹಿಡಿದು, ಇಗರ್ಜಿಯ ಗಾಯನ ಮಂಡಳಿಯ ಅಕ್ಕಂದಿರ ಹಾಗೆ ಮೈಕ್ ಮಾಡಿಕೊಂಡು ಹಾಡುತ್ತಿದ್ದಳು. ಹಿತ್ತಾಳೆಯ ಮೂರು ಕಡ್ಡಿ ಅವಳ ತುಟಿಯಿಂದ ಒಂದು ಗೇಣು ದೂರ.

ಬಾಪ್ಪು ಕೂಗಲಿಲ್ಲ. ಕೂಗಿದ್ದರೆ ಅವಳು ಬೆಚ್ಚಿ ಇನ್ನೊಂದು ಕೈಯಲ್ಲೂ ಹಿಡಿಯುತ್ತಿದ್ದಳೇನೋ. ಜಗಲಿಗೆ ಹಾರಿ ಗೋಡೆಯ ಪ್ಲಗ್ಗನ್ನು ಕಿತ್ತರು. ಆಮೇಲೆ ಮೆಟ್ಟಿಲ ಮೇಲೆ ಕುಳಿತರು. ನನಗೆ ಒಂದು ಮಾತೂ ಹೇಳಲಿಲ್ಲ. ಬೈದಿದ್ದರೆ ಸುಲಭವಾಗುತ್ತಿತ್ತು.

ಮರುದಿನ ನಮ್ಮ ವಾಳೆಯ ಎಲೆಕ್ಟ್ರಿಷಿಯನ್ ಮಾಮನ ಹತ್ತಿರ ಹೋದೆ. ಹಬ್ಬಕ್ಕೆ ಇಗರ್ಜಿಗೆ ದೀಪಾಲಂಕಾರ ಮಾಡುವವರು ಅವರೇ, ನಿಮಗೆಲ್ಲ ಗೊತ್ತು. ನನ್ನ ವಯರನ್ನು ಕೈಯಲ್ಲಿ ತಿರುಗಿಸಿ ನೋಡಿ, "ಎಂತ ಮಾರಾಯ, ಇದಕ್ಕೆ ಎರಡು ತಲೆ!" ಎಂದರು. ಕೈಬ್ಯಾಗಿನಿಂದ ಕಟಿಂಗ್ ಪ್ಲೈಯರ್ ತೆಗೆದು ಒಂದು ತಲೆಯನ್ನು ಕತ್ತರಿಸಿ ನನ್ನ ಕೈಗೆ ಕೊಟ್ಟರು. ಅದನ್ನು ನಾನು ಇಟ್ಟುಕೊಂಡಿದ್ದೇನೆ.

"ಕರೆಂಟು ಬರುವ ಕಡೆ ಯಾವಾಗಲೂ ತೂತು ಇರಬೇಕು, ಮಗಾ. ಕರೆಂಟು ತೆಗೆದುಕೊಳ್ಳುವ ಕಡೆ ಕಡ್ಡಿ. ಇದು ತಲೆಕೆಳಗಾದರೆ ಕರೆಂಟು ಬೆತ್ತಲೆ."

ನಾನು ಸುಮ್ಮನಿರಲಾರದೆ, ವ್ಯಾನಿನಲ್ಲಿ ಆರ್‌ಸಿಸಿಬಿ ಹಾಕಬೇಕೆಂದಿದ್ದೆ, ಅದು ಇದ್ದಿದ್ದರೆ ಕಾಪಾಡುತ್ತಿತ್ತಲ್ಲ ಎಂದೆ. ಊರಲ್ಲಿ ಇಎಲ್‌ಸಿಬಿ ಎನ್ನುತ್ತೇವಲ್ಲ, ಅದೇ. ಅವರು ನಕ್ಕರು. "ಅದು ವ್ಯಾನಿನ ಒಳಗೆ ಕೂತಿರುತ್ತದೆ. ಮಗು ಹಿಡಿದದ್ದು ಹೊರಗೆ, ಅದಕ್ಕಿಂತ ಮೊದಲು. ಅದಕ್ಕೆ ಹೇಗೆ ಗೊತ್ತಾಗಬೇಕು?" ಬಾಪ್ಪುವಿನ ಮನೆ ಹಳೆಯದು, ಅಲ್ಲಿ ಇಎಲ್‌ಸಿಬಿ ಇಲ್ಲ.

ಇಂಥ ಎರಡು ತಲೆಯ ವಯರು ನಮ್ಮೂರಿನ ಎಷ್ಟೋ ಮನೆಗಳಲ್ಲಿ ಇದೆ ಎಂದೂ ಹೇಳಿದರು. ಮಳೆಗಾಲದಲ್ಲಿ ಮರ ಬಿದ್ದು ಕರೆಂಟು ಹೋದಾಗ ಜನರೇಟರಿನಿಂದ ಮನೆಯ ಸಾಕೆಟ್ಟಿಗೆ ಕರೆಂಟು ಕೊಡಲು. ಮೇನ್ ಸ್ವಿಚ್ ಆರಿಸಲು ಮರೆತರೆ ಆ ಕರೆಂಟು ಲೈನಿಗೆ ಹಿಂದಕ್ಕೆ ಹೋಗುತ್ತದೆ, ಟ್ರಾನ್ಸ್‌ಫಾರ್ಮರ್ ಅದನ್ನು ತಿರುಗಾ 11,000 ವೋಲ್ಟ್ ಮಾಡುತ್ತದೆ, ಲೈನ್ ಆಫ್ ಇದೆ ಎಂದು ಕಂಬ ಹತ್ತಿದ ಲೈನ್‌ಮನ್ ಅದನ್ನು ಮುಟ್ಟುತ್ತಾನೆ. ಜನರೇಟರಿಗೆ ಚೇಂಜ್‌ಓವರ್ ಸ್ವಿಚ್ಚೇ ಬೇಕು. ನಿಮ್ಮ ಮನೆಯಲ್ಲಿ ಎರಡು ತಲೆಯದು ಇದ್ದರೆ ಇವತ್ತೇ ಒಂದನ್ನು ಕತ್ತರಿಸಿ, ಗೋಡೆಯಿಂದ ತೆಗೆದ ಮೇಲೆ.

ಎರಡನೆಯ ಸಲದ ಕೆಲಸಕ್ಕೆ ಎರಡು ದಿನ ಹಿಡಿಯಿತು. ಮಾಮ ಪಕ್ಕದಲ್ಲಿ ಸ್ಟೂಲು ಹಾಕಿ ಕುಳಿತಿದ್ದರು, ಕೈ ಹಾಕಲಿಲ್ಲ.

ಸಾಮಾನು ಮಂಗಳೂರಿನಿಂದ ತಂದೆವು. 16 ಆಂಪಿಯರಿನ ನೀಲಿ ಇಂಡಸ್ಟ್ರಿಯಲ್ ಇನ್ಲೆಟ್ ಒಂದು, ಅದಕ್ಕೆ ಹೊಂದುವ ಕನೆಕ್ಟರ್ ಒಂದು. ಅದನ್ನು ನೋಡಿದ್ದೇ ಬಾಪ್ಪು, "ಓ, ಇದು ನಮ್ಮ ಸೈಟಿನಲ್ಲಿ ಇತ್ತಲ್ಲ!" ಎಂದರು. ಯುರೋಪಿನ ಕಾರವಾನುಗಳಲ್ಲೂ ಇದೇ ನೀಲಿಯದ್ದು. ಈ ಜಾತಿಯಲ್ಲಿ ನೀಲಿ ಅಂದರೆ 230 ವೋಲ್ಟಿನದ್ದು, ಕೆಂಪು ಅಂದರೆ ಮೂರು ಫೇಸಿನದ್ದು. ಇನ್ಲೆಟ್ಟಿನ ಕಡ್ಡಿಗಳು ಒಂದು ಬಟ್ಟಲಿನೊಳಗೆ ಇರುತ್ತವೆ, ವ್ಯಾನಿನ ಮೈಯಲ್ಲೇ ಕೂತಿರುತ್ತವೆ, ಮೇಲೆ ಸ್ಪ್ರಿಂಗಿನ ಮುಚ್ಚಳ. ವಯರಿನ ತುದಿಯ ಕನೆಕ್ಟರಿನಲ್ಲಿ ಬರೀ ತೂತುಗಳು. ಅದನ್ನು ಯಾವ ಮಗು ಎತ್ತಿಕೊಂಡರೂ ಹಿತ್ತಾಳೆ ಕೈಗೆ ಸಿಗುವುದಿಲ್ಲ. ಸಿಕ್ಕಿಸಿದ ಮೇಲೆ ಮುಚ್ಚಳದ ಕೊಕ್ಕೆಯೇ ಅದನ್ನು ಜಾರದ ಹಾಗೆ ಹಿಡಿಯುತ್ತದೆ.

ಹಳೆಯ ವಯರನ್ನು ಬಿಚ್ಚುವ ಮೊದಲು ಇನ್ವರ್ಟರಿನ ಬ್ಯಾಟರಿಯನ್ನೂ ಕಳಚಿಸಿದರು ಮಾಮ. ಗೋಡೆಯ ಪ್ಲಗ್ ತೆಗೆದರೆ ಸಾಕು ಅಂದುಕೊಂಡಿದ್ದೆ. ಒಳಗೆ ಇನ್ನೊಂದು ಕಡೆಯಿಂದ ಕರೆಂಟು ಕಾಯುತ್ತಿರುತ್ತದೆ.

ತೂತು ಕೊರೆಯುವುದಕ್ಕೇ ನನಗೆ ಹೆದರಿಕೆ ಇದ್ದದ್ದು. ಕಾಗದದಲ್ಲಿ ಅಚ್ಚು ಕತ್ತರಿಸಿ ಅಂಟಿಸಿ, ಒಳಗಡೆ ಅಡ್ಡಪಟ್ಟಿ ಏನಾದರೂ ಇದೆಯಾ ಎಂದು ತಟ್ಟಿ ನೋಡಿ, ಹೋಲ್ ಸಾ ಹಾಕಿ ಕೊರೆದೆ. ತಗಡಿನ ಅಂಚು ಬ್ಲೇಡಿನ ಹಾಗೆ ಇತ್ತು. ಅರದಿಂದ ಉಜ್ಜಿ, ಪ್ರೈಮರ್ ಹಚ್ಚಿ ಒಣಗಲು ಬಿಟ್ಟೆವು. ನಮ್ಮ ಕಡಲ ಗಾಳಿಗೆ ಬೋಳು ತಗಡು ಒಂದು ಮಳೆಗಾಲದಲ್ಲಿ ತುಕ್ಕು ಹಿಡಿಯುತ್ತದೆ. ಇನ್ಲೆಟ್ಟಿನ ಬಾಯಿ ಸ್ವಲ್ಪ ಕೆಳಕ್ಕೆ ನೋಡುವ ಹಾಗೆ, ಸುತ್ತ ಸಿಲಿಕಾನ್ ಹಚ್ಚಿ ಕೂರಿಸಿದೆ. ಕೆಳಗಿನ ಅಂಚಿಗೆ ಮಾತ್ರ ಸಿಲಿಕಾನ್ ಬೇಡ ಎಂದರು ಮಾಮ, ಒಳಗೆ ಹೋದ ನೀರು ಇಳಿದು ಬರಲಿ ಎಂದು. ನೆಲದ ಹಳೆಯ ತೂತಿಗೆ ತಗಡು ಹಾಕಿ ಮುಚ್ಚಿದೆವು. ಇಲಿಗಳಿಗೆ ಅದೂ ಒಂದು ಬಾಗಿಲಾಗಿತ್ತು.

ಇನ್ಲೆಟ್ಟಿನಿಂದ ಸೀದಾ ಒಂದು ಸಣ್ಣ ಪೆಟ್ಟಿಗೆಗೆ ಕೊಟ್ಟೆ. ಅದರಲ್ಲಿ ಡಬಲ್ ಪೋಲ್ ಎಂಸಿಬಿ, ಅದರ ನಂತರ 30 ಮಿಲಿ ಆಂಪಿಯರಿನ ಆರ್‌ಸಿಸಿಬಿ. ಡಬಲ್ ಪೋಲ್ ಯಾಕೆಂದರೆ ದಾರಿಯಲ್ಲಿ ಸಿಗುವ ಸಾಕೆಟ್ಟುಗಳಲ್ಲಿ ಫೇಸ್, ನ್ಯೂಟ್ರಲ್ ಅದಲು ಬದಲಾಗಿ ಇರುವುದು ಉಂಟು. ಒಂದನ್ನೇ ಆರಿಸಿದರೆ ಇನ್ನೊಂದರಲ್ಲಿ ಕರೆಂಟು ಉಳಿದೀತು. ಅರ್ತನ್ನು ಲಗ್ ಹಾಕಿ ಬೋಲ್ಟಿನಿಂದ ವ್ಯಾನಿನ ಚಾಸಿಗೆ ಬಿಗಿದೆ, ಅಲ್ಲಿನ ಪೈಂಟು ಕೆರೆದು. ಪ್ಲಗ್ಗಿನೊಳಗೆ, ಕನೆಕ್ಟರಿನೊಳಗೆ, ಎಲ್ಲ ಕಡೆ ಅರ್ತಿನ ವಯರನ್ನು ಉಳಿದೆರಡಕ್ಕಿಂತ ಉದ್ದ ಬಿಟ್ಟೆ. ಯಾರಾದರೂ ಎಳೆದರೆ ಕೊನೆಗೆ ಕೀಳಬೇಕಾದದ್ದು ಅದು. ನಮ್ಮ ಮಾಮೂಲಿ ಪ್ಲಗ್ಗಿನಲ್ಲಿ ಅರ್ತಿನ ಕಡ್ಡಿ ದಪ್ಪ, ಉದ್ದ ಇರುವುದೂ ಅದಕ್ಕೇ. ಮೊದಲು ಸೇರಬೇಕು, ಕೊನೆಗೆ ಬಿಡಬೇಕು. ಪರೀಕ್ಷೆಗೆ ಇದನ್ನು ಬರೆದು ಅಂಕ ತೆಗೆದುಕೊಂಡಿದ್ದೆ.

ವಯರೂ ಹೊಸದು ತಂದೆವು, 2.5 ಚದರ ಮಿಲಿಮೀಟರಿನದ್ದು, ಮೂರು ಕೋರ್. ಖರ್ಚಿನಲ್ಲಿ ಅರ್ಧಕ್ಕಿಂತ ಹೆಚ್ಚು ಅದಕ್ಕೇ ಹೋಯಿತು. ಹಳೆಯದು 1 ಚದರ ಮಿಲಿಮೀಟರ್. ಕೆಟಲೂ ಕಾನ್ಸಂಟ್ರೇಟರೂ ಒಟ್ಟಿಗೆ ಓಡಿದರೆ ಸುಮಾರು 8 ಆಂಪಿಯರ್ ಆಗುತ್ತದೆ. ಅಷ್ಟಕ್ಕೆ ಹಳೆಯ ವಯರು ತಾನೇ ಸುಮಾರು 50 ವಾಟ್ ಬಿಸಿಯಾಗುತ್ತಿತ್ತು, ಹೊಸದರಲ್ಲಿ 20 ವಾಟ್. ಇಪ್ಪತ್ತು ಮೀಟರ್ ಹರಡಿದ್ದರೆ ಪರವಾಗಿಲ್ಲ. ಸುರುಳಿ ಬಿಚ್ಚದೆ ಮಂಚದಡಿ ಹಾಸಿಗೆಗೆ ತಾಗಿ ಇದ್ದರೆ? ನಾವು ತಿಂಗಳುಗಟ್ಟಲೆ ಹಾಗೆಯೇ ಇಟ್ಟಿದ್ದೆವು.

ವೇಲಂಕಣಿಗೆ ಹೋದೆವು. ಸೆಪ್ಟೆಂಬರ್ 8ರ ಹಬ್ಬದ ಜನಜಂಗುಳಿ ಅಜ್ಜಿಗೆ ಆಗದು ಎಂದು ಹಬ್ಬ ಕಳೆದ ಮೇಲೆಯೇ ಹೊರಟೆವು. ಪಾಲಕ್ಕಾಡಿನಲ್ಲಿ ಒಂದು ರಾತ್ರಿ ಏನೂ ತೊಂದರೆ ಇಲ್ಲ. ತಿರುಚ್ಚಿಯ ಹತ್ತಿರ ಒಂದು ಲಾಡ್ಜಿನ ಅಂಗಳದಲ್ಲಿ ನಿಲ್ಲಿಸಿದಾಗ, ಮೂರು ದೀಪದ ಸಾಕೆಟ್ ಟೆಸ್ಟರ್ ಸಿಕ್ಕಿಸಿ ನೋಡಿದರೆ ಅರ್ತ್ ಇಲ್ಲ. ಮೊದಲಾದರೆ ನೋಡುತ್ತಲೇ ಇರಲಿಲ್ಲ, ಲೈಟು ಉರಿದರೆ ಆಯಿತು. ಬಾಪ್ಪು ತಮಗೆ ಬರುವ ಹರಕು ತಮಿಳಿನಲ್ಲಿ ಮ್ಯಾನೇಜರನ್ನು ಕೇಳಿ, ಪಂಪ್ ಶೆಡ್ಡಿನ ಸಾಕೆಟ್ಟು ತೋರಿಸಿಕೊಂಡು ಬಂದರು. ಅಲ್ಲಿ ದೀಪ ಸರಿಯಾಗಿ ಉರಿಯಿತು. ವ್ಯಾನನ್ನು ಹಿಂದಕ್ಕೆ ಮುಂದಕ್ಕೆ ಮಾಡಿ ವಯರು ಎಟುಕಿಸಿದೆವು. ರಾತ್ರಿ ಜೋರು ಮಳೆ ಬಂತು. ನಾನು ನಿದ್ದೆ ಮಾಡಲಿಲ್ಲ, ಯಂತ್ರದ ಸದ್ದು ಕೇಳುತ್ತಾ ಮಲಗಿದ್ದೆ. ಬೆಳಗಿನವರೆಗೂ ಬೀಪ್ ಬರಲಿಲ್ಲ. ಅಜ್ಜಿ ಎದ್ದು, "ನೀನು ಯಾಕೆ ಕಣ್ಣು ಕೆಂಪು ಮಾಡಿಕೊಂಡಿದ್ದಿ?" ಎಂದರು.

ಹೊರಡುವಾಗ ಮೊದಲು ಎಂಸಿಬಿ ಆಫ್, ಮತ್ತೆ ಗೋಡೆಯದ್ದು, ಕೊನೆಗೆ ವ್ಯಾನಿನದ್ದು. ವಯರು ಸುತ್ತುವುದು ಬಾಪ್ಪುವಿನ ಮಗಳ ಕೆಲಸ, ಅವಳೇ ಕೇಳಿ ತೆಗೆದುಕೊಂಡದ್ದು. ಸುತ್ತುತ್ತಾ ಸುತ್ತುತ್ತಾ ನೀಲಿ ಕನೆಕ್ಟರನ್ನು ಎತ್ತಿ ಹಿಡಿದು, "ಅಣ್ಣಾ, ಈಗ ಇದನ್ನು ಮೈಕ್ ಮಾಡಬಹುದಾ?" ಎಂದು ಕೇಳಿದಳು. ಹ್ಞೂಂ ಎನ್ನುವ ಮೊದಲು ನಾನು ಪಂಪ್ ಶೆಡ್ಡಿನವರೆಗೆ ನಡೆದು ಹೋಗಿ ಗೋಡೆಯನ್ನು ಇನ್ನೊಮ್ಮೆ ನೋಡಿ ಬಂದೆ.