ಗೋಡೆಗೂ ತಗಡಿಗೂ ನಡುವೆ ಒಂದಿಂಚು

ವರ್ಮಾಂಟ್, ಅಕ್ಟೋಬರ್ 7, 2023, ಶನಿವಾರ

ಹಿಂದಿನ ಮಾಲೀಕರು ಗ್ಯಾರೇಜಿನಲ್ಲಿ ಬಿಟ್ಟುಹೋದ ಎರಕದ ಕಬ್ಬಿಣದ ಒಲೆಯನ್ನು ಇವತ್ತು ಉಜ್ಜಿ ನೋಡಿದೆವು. ಎಲ್ಲೂ ಬಿರುಕಿಲ್ಲ, ಬಾಗಿಲು ಸರಿಯಾಗಿ ಕೂರುತ್ತದೆ. ಆದರೆ ಬೆನ್ನಿನ ಮೇಲಿರಬೇಕಾದ ಪರೀಕ್ಷೆಯ ಪಟ್ಟಿ ಇಲ್ಲ. ಗೋಡೆಯಿಂದ ಎಷ್ಟು ದೂರ ಇಡಬೇಕು ಅಂತ ಹೇಳುವುದು ಆ ಪಟ್ಟಿಯೇ. ಅದಿಲ್ಲದ ಒಲೆಗೆ ಇಲ್ಲಿನ ಎನ್‌ಎಫ್‌ಪಿಎ 211 ಎಂಬ ಅಗ್ನಿಸುರಕ್ಷತೆಯ ನಿಯಮದಂತೆ ಬೆಂಕಿ ಹಿಡಿಯುವ ಯಾವ ವಸ್ತುವಿನಿಂದಲೂ 36 ಇಂಚು ದೂರ ಬೇಕು. ಟೇಪು ಹಿಡಿದು ನೋಡಿದರೆ ಒಲೆ ನಡುಮನೆಯ ನಟ್ಟನಡುವೆ ಬಂತು.

ಅಕ್ಟೋಬರ್ 8, ಭಾನುವಾರ

ತೀರ್ಥಹಳ್ಳಿಯಿಂದ ಅಮ್ಮನ ಫೋನು. ಒಲೆಯ ಕಥೆ ಕೇಳಿ ನಕ್ಕಳು. "ನಮ್ಮ ಬಚ್ಚಲೊಲೆ ಗೋಡೆಗೇ ಅಂಟ್ಕೊಂಡಿಲ್ವೇನೋ? ಮಸಿ ಹಿಡಿದಿದ್ದು ಬಿಟ್ರೆ ಏನಾಗಿದೆ ಅದಕ್ಕೆ?"

ಏನೂ ಆಗಿಲ್ಲ, ನಿಜ. ಅದು ಮಣ್ಣಿನ ಗೋಡೆ. ಇಲ್ಲಿಯದನ್ನು ತಟ್ಟಿದರೆ ಡಬಡಬ ಅನ್ನುತ್ತದೆ: ಮೇಲೆ ಕಾಗದ ಹೊದಿಸಿದ ಜಿಪ್ಸಮ್ ಹಲಗೆ, ಅದರ ಹಿಂದೆ ಪೈನ್ ಮರದ ಕಂಬಗಳು. ಮರ ಹೊತ್ತಿಕೊಳ್ಳಲು ಸಾಮಾನ್ಯವಾಗಿ 250 ಡಿಗ್ರಿ ಸೆಲ್ಸಿಯಸ್‌ಗೂ ಹೆಚ್ಚು ಬಿಸಿ ಬೇಕು. ಆದರೆ ಚಳಿಗಾಲದ ಮೇಲೆ ಚಳಿಗಾಲ ಕಾದು ಒಣಗಿದ ಮರ ಒಳಗೊಳಗೇ ಕರಿಕಾಗಿ, ಅದಕ್ಕಿಂತ ಎಷ್ಟೋ ಕಡಿಮೆ ಬಿಸಿಗೇ ಹೊತ್ತಿಕೊಳ್ಳಬಹುದು. "ಹಂಗಾದ್ರೆ ಮರದ ಪೆಟ್ಟಿಗೇಲಿ ಬೆಂಕಿ ಇಟ್ಕೊಂಡಿದ್ದೀರಿ ಅನ್ನು" ಎಂದಳು ಅಮ್ಮ.

ಅಕ್ಟೋಬರ್ 14, ಶನಿವಾರ

ಗೋಡೆಗೆ ಕಲ್ಲಿನ ಟೈಲು ಅಂಟಿಸೋಣ, ನೋಡಲೂ ಚೆಂದ ಎಂದಳು ಇವಳು. ಚೆಂದವೇನೋ ಹೌದು. ಆದರೆ ಟೈಲು ಬಿಸಿಯನ್ನು ತಡೆಯುವುದಿಲ್ಲ, ಹೀರಿಕೊಂಡು ನಿಧಾನಕ್ಕೆ ಹಿಂದಿನ ಹಲಗೆಗೆ ದಾಟಿಸುತ್ತದೆ. ನಿಯಮದ ಕೋಷ್ಟಕ ನೋಡಿದ ಮೇಲೆ ಇಬ್ಬರಿಗೂ ಆಶ್ಚರ್ಯ. ಗಾಳಿಗೆ ಜಾಗವಿಲ್ಲದಂತೆ ಮೂರೂವರೆ ಇಂಚು ದಪ್ಪದ ಇಟ್ಟಿಗೆ ಕಟ್ಟಿದರೂ 36 ಇಂಚಿನ ದೂರ ಇಳಿಯುವುದು 24ಕ್ಕೆ. ಅದೇ 24 ಗೇಜಿನ ತೆಳ್ಳನೆ ತಗಡನ್ನು ಗೋಡೆಯಿಂದ ಒಂದಿಂಚು ಬಿಟ್ಟು ನಿಲ್ಲಿಸಿದರೆ 12 ಇಂಚು ಸಾಕು!

ಕಾರಣ ಸರಳ. ಒಲೆಯ ಝಳಕ್ಕೆ ತಗಡು ಕಾಯುತ್ತದೆ. ಹಿಂದಿನ ಗಾಳಿ ಬಿಸಿಯಾಗಿ ಮೇಲಿನಿಂದ ಹೊರಬೀಳುತ್ತದೆ, ತಣ್ಣನೆ ಗಾಳಿ ಕೆಳಗಿನಿಂದ ನುಗ್ಗುತ್ತದೆ. ಗೋಡೆಯನ್ನು ಕಾಪಾಡುವುದು ಝಳ ತಡೆಯುವ ತಗಡು, ಅದರ ಜೊತೆಗೆ ಗಾಳಿಯ ಈ ಓಡಾಟ.

ಅಕ್ಟೋಬರ್ 21, ಶನಿವಾರ

ತಗಡು ನಿಲ್ಲಿಸಿ ಆಯಿತು. ಸ್ಕ್ರೂಗಳಿಗೆ ಒಂದಿಂಚಿನ ಪಿಂಗಾಣಿ ಬುಷ್ ಪೋಣಿಸಿದೆ. ಮರದ ತುಂಡು ಬಳಸುವಂತಿಲ್ಲ. ಒಲೆಯ ನೇರ ಹಿಂದೆ ಒಂದೂ ಸ್ಕ್ರೂ ಇಲ್ಲ, ಎಲ್ಲವೂ ಅಂಚಿನಲ್ಲಿ. ಸ್ಕ್ರೂ ಕೂಡ ಕಬ್ಬಿಣವೇ, ಬಿಸಿಯನ್ನು ಸೀದಾ ಕಂಬಕ್ಕೆ ಮುಟ್ಟಿಸುತ್ತದೆ. ಕೆಳಗೆ ಒಂದಿಂಚು ತೆರಪು, ಮೇಲೆ ಪೂರ್ತಿ ತೆರೆದ ಬಾಯಿ. ಒಲೆಯಿಂದ ತಗಡಿನ ಅಂಚು ದಾಟಿ ಟೇಪು ಎಳೆದರೆ ಗೋಡೆಯ ಬರಿಯ ಭಾಗಕ್ಕೆ ಎಲ್ಲ ಕಡೆಯೂ 36 ಇಂಚು ಸಿಗಬೇಕು. ಅದಕ್ಕೇ ತಗಡು ಒಲೆಗಿಂತ ಅಷ್ಟು ಅಗಲ. ಒಂಟಿ ಪದರದ ಹೊಗೆ ಕೊಳವೆಗೂ ಮರದಿಂದ 18 ಇಂಚು ಬೇಕು. ಕೊಳವೆಯ ಹಿಂದೆಯೂ ತಗಡನ್ನು ಮೇಲಕ್ಕೆ ಏರಿಸಿದೆ.

ನವೆಂಬರ್ 1, ಬುಧವಾರ

ಇನ್‌ಸ್ಪೆಕ್ಟರ್ ಬಂದರು. ಒಲೆಯ ಕಡೆ ಕಣ್ಣೂ ಹಾಯಿಸದೆ ಮಂಡಿಯೂರಿ, ತಗಡಿನ ಬುಡಕ್ಕೆ ಟಾರ್ಚ್ ಬಿಟ್ಟರು. ಬೆಳಕು ಮೇಲಿನ ಬಾಯಿಂದ ಸೂರಿಗೆ ಬಿತ್ತು. ಸಹಿ ಹಾಕಿದರು. ವಿಮೆಯವರಿಗೆ ಕಳಿಸಬೇಕಾದ ಕಾಗದ ಅದೇ.

ನವೆಂಬರ್ 4, ಶನಿವಾರ

ವಾರದ ನಡುವೆ ಸಣ್ಣ ಬೆಂಕಿ ಹಾಕಿ ಬಣ್ಣದ ಕಮಟು ವಾಸನೆ ಕಳೆದಿದ್ದೆವು. ಇವತ್ತು ಸೌದೆ ತುಂಬಿದೆ. ಎರಡು ಗಂಟೆ ಉರಿದ ಮೇಲೆ ಇನ್ಫ್ರಾರೆಡ್ ಥರ್ಮಾಮೀಟರ್ ಹಿಡಿದೆ: ತಗಡಿನ ಮುಖ 88 ಡಿಗ್ರಿ, ಹಿಂದಿನ ಗೋಡೆ 36. ಗೋಡೆಗೆ ಅಂಗೈ ಒತ್ತಿ ಹಿಡಿಯಬಹುದು.

ಸಂಜೆ ಮಗಳು ಒದ್ದೆ ಗ್ಲೌಸು, ಟೋಪಿ, ಮಫ್ಲರನ್ನು ಸಾಲಾಗಿ ತಗಡಿನ ಮೇಲಂಚಿಗೆ ಒಣಹಾಕಿದ್ದಳು. ಬೆಚ್ಚಗಿನ ಗಾಳಿ ಅಲ್ಲಿಂದಲೇ ಬರುತ್ತದೆಂದು ಪತ್ತೆ ಹಚ್ಚಿದ್ದಾಳೆ, ಜಾಣೆ. ಆ ಬಾಯಿ ಮುಚ್ಚಿದರೆ ಇಷ್ಟೆಲ್ಲ ಕೆಲಸಕ್ಕೆ ಅರ್ಥವೇ ಇಲ್ಲ. ಎದುರು ಗೋಡೆಗೆ ಹಗ್ಗ ಕಟ್ಟಿಕೊಟ್ಟೆ. ನಾಳೆ ತಗಡಿನ ಬುಡ ಗುಡಿಸಬೇಕು, ನಾಯಿಯ ಕೂದಲು ಈಗಾಗಲೇ ತೆರಪಿಗೆ ಸೇರುತ್ತಿದೆ.