ಅಂಗೈಯಗಲದ ಕುಳಿ

ಚಾಂಪಿಯನ್ ರೀಫ್ಸ್ ಎಂದೊಡನೆ ನೆನಪಾಗುವುದು ಚಿನ್ನ; ಚಿನ್ನದ ಬೆನ್ನಿಗೇ ಆಳ. ಇಲ್ಲಿನ ಗಣಿ ನೆಲದಡಿಗೆ ಸುಮಾರು 3,200 ಮೀಟರ್ ಇಳಿದಿತ್ತು. ನಂದಿಬೆಟ್ಟದ ಎತ್ತರ ಸಮುದ್ರಮಟ್ಟದಿಂದ 1,478 ಮೀಟರ್. ಅಷ್ಟೆತ್ತರದ ಎರಡು ಬೆಟ್ಟಗಳನ್ನು ಒಂದರ ಮೇಲೊಂದು ನಿಲ್ಲಿಸಿದರೂ ಗಣಿಯ ಬಾಯಿಂದ ತಲೆ ಹೊರಗೆ ಬರುತ್ತಿರಲಿಲ್ಲ. ಇಂಥ ಊರಿನ ನೆಲದ ಮೇಲೆ ಇನ್ನೊಂದು ಬಗೆಯ ಕುಳಿಗಳೂ ಇದ್ದವು. ಅವುಗಳ ಅಗಲ ನಾಲ್ಕೂಕಾಲು ಅಂಗುಲ, ಹೆಚ್ಚುಕಡಿಮೆ ಒಂದು ಅಂಗೈ. ಅವು ಗಾಲ್ಫ್ ಕುಳಿಗಳು.

1880ರ ದಶಕದಲ್ಲಿ ಜಾನ್ ಟೇಲರ್ ಅಂಡ್ ಸನ್ಸ್ ಕಂಪೆನಿ ಇಲ್ಲಿನ ಗಣಿಗಳ ಆಡಳಿತ ಹಿಡಿದ ಮೇಲೆ ಇಂಗ್ಲೆಂಡಿನಿಂದ ಎಂಜಿನಿಯರುಗಳು ಬಂದರು. ಅವರ ಹಿಂದೆಯೇ ಬಂಗಲೆ, ಚರ್ಚು, ಕ್ಲಬ್ಬು, ಒಂಬತ್ತು ಕುಳಿಗಳ ಗಾಲ್ಫ್ ಮೈದಾನವೂ ಬಂದವು. ಜನ ಈ ಊರನ್ನು ‘ಪುಟ್ಟ ಇಂಗ್ಲೆಂಡ್’ ಎಂದು ಕರೆದರು. ಆದರೆ ಪುಟ್ಟ ಇಂಗ್ಲೆಂಡಿನ ಪಕ್ಕದಲ್ಲೇ ಕಾರ್ಮಿಕರ ‘ಲೈನು’ಗಳಿದ್ದವು. ಬಿದಿರು ತಟ್ಟಿಯ ಸಾಲು ಗುಡಿಸಲುಗಳು. ಉತ್ತರ ಆರ್ಕಾಟಿನಿಂದ, ಚಿತ್ತೂರಿನಿಂದ ಬಂದ ಕುಟುಂಬಗಳು ಅಲ್ಲಿ ಬದುಕು ಕಟ್ಟಿಕೊಂಡವು.

ಗಾಲ್ಫ್ ಆಡಲು ಎಕರೆಗಟ್ಟಲೆ ನೆಲ ಬೇಕು, ಚೀಲದ ತುಂಬ ಕೋಲು ಬೇಕು, ಬಿಡುವಾದ ಸಂಜೆ ಬೇಕು. ಪಾಳಿಯ ದುಡಿಮೆಯವರಿಗೆ ಈ ಮೂರೂ ದೂರ. ಆ ಕಾಲದ ಭಾರತದ ಗಾಲ್ಫ್ ಮೈದಾನಗಳಲ್ಲಿ ಬಡವರ ಮಕ್ಕಳಿಗೆ ಸಿಕ್ಕ ಪಾತ್ರ ಸಾಮಾನ್ಯವಾಗಿ ಒಂದೇ: ಸಾಹೇಬರ ಚೀಲ ಹೊತ್ತು ನಡೆಯುವುದು, ಪೊದೆಯೊಳಗೆ ಹಾರಿದ ಚೆಂಡನ್ನು ಹುಡುಕಿ ಕೊಡುವುದು. ಇವರಿಗೆ ‘ಕ್ಯಾಡಿ’ ಎಂದು ಹೆಸರು.

ಆದರೆ ಗಾಲ್ಫ್ ತನ್ನ ತವರಿನಲ್ಲೂ ಎಲ್ಲರನ್ನೂ ಒಳಗೆ ಬಿಟ್ಟುಕೊಂಡ ಆಟವಲ್ಲ. ಸ್ಕಾಟ್ಲೆಂಡಿನ ಸೇಂಟ್ ಆಂಡ್ರೂಸ್‌ನಲ್ಲಿ ಹೆಂಗಸರು ಭುಜಕ್ಕಿಂತ ಮೇಲೆ ಕೈಯೆತ್ತಿ ಕೋಲು ಬೀಸುವುದು ಮರ್ಯಾದೆಯಲ್ಲ ಎಂಬ ನಂಬಿಕೆಯಿತ್ತು. ಹಾಗಿದ್ದರೆ ಬೀಸುವುದೇ ಬೇಡ, ನೆಲದ ಮೇಲೆ ತಳ್ಳಿದರಾಯಿತು ಎಂದು ಅವರು 1867ರಲ್ಲಿ ತಮ್ಮದೇ ಒಂದು ಕ್ಲಬ್ ಕಟ್ಟಿಕೊಂಡರು. ಅವರ ಏರುತಗ್ಗಿನ ಹುಲ್ಲುಹಾಸಿಗೆ ‘ಹಿಮಾಲಯಾಸ್’ ಎಂದು ಹೆಸರು. ಇಂದಿನ ಮಿನಿ ಗಾಲ್ಫ್‌ನ ಬೇರು ಹುಡುಕಿ ಹೊರಟವರು ಮೊದಲು ಬಂದು ನಿಲ್ಲುವುದು ಇಲ್ಲಿಯೇ. ಬಾಗಿಲು ಮುಚ್ಚಿದಾಗ ಆಟ ಚಿಕ್ಕದಾಗಿ ಕಿಂಡಿಯಿಂದ ನುಸುಳಿತು ಎನ್ನಬಹುದು.

ಮುಂದೆ ಅದನ್ನು ಅಗ್ಗವಾಗಿಸಿದ್ದು ಅಮೆರಿಕ. 1922ರಲ್ಲಿ ಥಾಮಸ್ ಫೇರ್‌ಬೇರ್ನ್ ಎಂಬಾತ ಹತ್ತಿಬೀಜದ ಹೊಟ್ಟನ್ನು ಅರೆದು, ಎಣ್ಣೆ ಮತ್ತು ಬಣ್ಣ ಬೆರೆಸಿ, ಹುಲ್ಲಿಲ್ಲದೆಯೇ ಚೆಂಡು ಉರುಳುವ ನೆಲ ಸಿದ್ಧಪಡಿಸುವ ಉಪಾಯ ಕಂಡುಕೊಂಡ. ಗಾರ್ನೆಟ್ ಕಾರ್ಟರ್ ಎಂಬ ಹೋಟೆಲ್ ಮಾಲೀಕ ಬೆಟ್ಟವೊಂದರ ಮೇಲೆ ‘ಟಾಮ್ ಥಂಬ್ ಗಾಲ್ಫ್’ ಆರಂಭಿಸಿದ. 1930ರ ಹೊತ್ತಿಗೆ ಅಲ್ಲಿ ಸಾವಿರಾರು ಪುಟ್ಟ ಮೈದಾನಗಳು. ಆರ್ಥಿಕ ಕುಸಿತದಲ್ಲಿ ಜೇಬು ಖಾಲಿಯಾದವರೂ ಚಿಲ್ಲರೆ ಕಾಸು ಕೊಟ್ಟು ಒಂದು ಸಂಜೆ ನಗಬಹುದಿತ್ತು. ಯುರೋಪಿನಲ್ಲಿ ಪಾಲ್ ಬೋಂಗ್ನಿ ಅಳತೆ ನಿಗದಿಪಡಿಸಿದ ಪಥಗಳನ್ನು ರೂಪಿಸಿದ. 1954ರಲ್ಲಿ ಸ್ವಿಟ್ಜರ್ಲೆಂಡಿನ ಅಸ್ಕೋನಾ ಎಂಬ ಸರೋವರದಂಚಿನ ವಿಹಾರದೂರಿನಲ್ಲಿ ಅಂಥ ಮೊದಲ ಮೈದಾನ ತೆರೆಯಿತು.

ಅಮೆರಿಕದಲ್ಲಿ ಈ ಹುಚ್ಚು ನೆತ್ತಿಗೇರಿದ್ದ 1930ರಲ್ಲಿಯೇ ಕೋಲಾರದ ಗಣಿಗಳಲ್ಲಿ ಏನು ನಡೆದಿತ್ತು ಗೊತ್ತೇ? ಕಾರ್ಮಿಕರ ಬೆರಳಚ್ಚು ಪಡೆದು ನೋಂದಣಿ ಮಾಡುವ ಕ್ರಮವನ್ನು ವಿರೋಧಿಸಿ ಏಪ್ರಿಲ್‌ನಲ್ಲಿ ದೊಡ್ಡ ಮುಷ್ಕರವಾಯಿತು. ಅವರು ಕೇಳಿದ್ದು ಆಟವನ್ನಲ್ಲ, ಮಾನವನ್ನು.

ಹಾಗೆಂದು ಲೈನುಗಳ ಮಕ್ಕಳು ಕೈಕಟ್ಟಿ ಕೂರಲಿಲ್ಲ. ಹಾಕಿ, ಫುಟ್‌ಬಾಲ್‌ಗಳನ್ನು ಊರೇ ತನ್ನದಾಗಿಸಿಕೊಂಡಿತು. ಇನ್ನು ಕುಳಿಗೆ ಗುರಿಯಿಡುವ ಆಟವನ್ನು ನಮ್ಮ ಮಕ್ಕಳಿಗೆ ಯಾವ ಕ್ಲಬ್ಬೂ ಕಲಿಸಬೇಕಿರಲಿಲ್ಲ. ಹಿಮ್ಮಡಿಯಿಂದ ನೆಲ ತೋಡಿ ಒಂದು ಗುಂಡಿ, ಕೈಯಲ್ಲೊಂದು ಗೋಲಿ; ಹೆಬ್ಬೆರಳು ನೆಲಕ್ಕೂರಿ, ನಡುಬೆರಳನ್ನು ಹಿಂದಕ್ಕೆ ಬಾಗಿಸಿ ಬಿಟ್ಟರೆ ಆಯಿತು. ಏರು, ತಗ್ಗು, ಅಡ್ಡ ಬಂದ ಕಲ್ಲು, ಎದುರಾಳಿಯ ತಕರಾರು ಎಲ್ಲ ಲೆಕ್ಕವೂ ಇದರಲ್ಲಿದೆ. ಮಿನಿ ಗಾಲ್ಫ್‌ನಲ್ಲಿ ಇದಕ್ಕಿಂತ ಹೆಚ್ಚಿನದೇನಿದೆ?

2001ರ ಫೆಬ್ರವರಿ 28ರಂದು ಗಣಿಗಳು ಮುಚ್ಚಿದವು. ಮಾರಿಕುಪ್ಪಂನಿಂದ ಹೊರಡುವ ರೈಲು ಚಾಂಪಿಯನ್, ಊರಿಗಾಂ ದಾಟಿ ಬಂಗಾರಪೇಟೆಯ ಮೂಲಕ ಸಾವಿರಾರು ಜನರನ್ನು ಬೆಂಗಳೂರಿನ ಕೆಲಸಕ್ಕೆ ಒಯ್ಯತೊಡಗಿತು. ಬೆಳಕು ಹರಿಯುವ ಮುನ್ನ ಹೊರಟ ಅಪ್ಪ ಮನೆಗೆ ಬರುವಾಗ ರಾತ್ರಿ. “ಅಪ್ಪಾ, ಒಂದಾಟ ಆಡೋಣ ಬಾ” ಎಂದು ಕಾದ ಮಗು ಅಷ್ಟರಲ್ಲಿ ನಿದ್ದೆಹೋಗಿರುತ್ತದೆ. ಪರೀಕ್ಷೆ ಹತ್ತಿರ ಬಂತೆಂದರೆ ಭಾನುವಾರವೂ ಟ್ಯೂಷನ್ ಪಾಲು.

ಮಕ್ಕಳಿಗೆ ಆಡಲು ಬಯಲೇ ಇಲ್ಲ ಎಂದು ಹೆತ್ತವರು ಕೊರಗುವುದುಂಟು. ಊರಿನ ದೊಡ್ಡ ಬಯಲಿನಂತೆ ಕಾಣುವ ಸಯನೈಡ್ ದಿಬ್ಬಗಳು ಆಟದ ಜಾಗವಲ್ಲ; ಅದಿರು ಅರೆದುಳಿದ ಆ ಪುಡಿ ಗಾಳಿಗೆ ಎದ್ದು ಎದೆಗೆ ಇಳಿಯುವಂಥದು. ಅಲ್ಲಿಗೆ ಹೋಗಬೇಡ ಎನ್ನುವುದು ಸರಿ. ಆದರೆ ಎಲ್ಲಿಗೆ ಹೋಗಬೇಕು ಎಂಬುದನ್ನೂ ಹೇಳಬೇಕಲ್ಲ! ಸೇಂಟ್ ಆಂಡ್ರೂಸ್‌ನ ಹೆಂಗಸರಿಗೆ ಸಾಕಾದದ್ದು ಒಂದು ತುಂಡು ಹುಲ್ಲುಹಾಸು. ಲೈನಿನ ಹುಡುಗನಿಗೆ ಸಾಕಾದದ್ದು ಮನೆಯೆದುರಿನ ಮಾರುದ್ದ ನೆಲ. ಹಿತ್ತಲಲ್ಲಿ ನಾಲ್ಕು ಗುಂಡಿ ತೋಡಿ, ನಡುವೆ ಎರಡು ಇಟ್ಟಿಗೆ ಅಡ್ಡವಿಟ್ಟು, ಮುರಿದ ಕೊಡೆಯ ಹಿಡಿಯನ್ನೇ ಕೋಲಾಗಿಸಿದರೆ ಒಂದು ಪುಟ್ಟ ಮೈದಾನ ಸಿದ್ಧ. ಖರ್ಚು ಏನೂ ಇಲ್ಲ. ಆ ಭಾನುವಾರದ ಟ್ಯೂಷನ್ನಿನಲ್ಲಿ ಒಂದು ಗಂಟೆ ಕಡಿಮೆಯಾದೀತು, ಅಷ್ಟೆ.