ಮಕ್ಕಳು ಹಾಕಿಕೊಟ್ಟ ದಾರಿ

ಹದಿಹರೆಯದ ಮಕ್ಕಳಿರುವ ಮನೆಗಳಲ್ಲಿ ರಜೆಯ ಪ್ರಯಾಣ ಹೇಗಿರುತ್ತದೆಂದು ಓದುಗರಿಗೆ ಬಿಡಿಸಿ ಹೇಳಬೇಕಾಗಿಲ್ಲ. ಊರು ಗೊತ್ತುಮಾಡುವವರು ದೊಡ್ಡವರು, ರೂಮು ಹಿಡಿಯುವವರು ದೊಡ್ಡವರು. ಮಕ್ಕಳು ಹಿಂದಿನ ಸೀಟಿನಲ್ಲಿ ಮೊಬೈಲಿಗೆ ಕಣ್ಣು ನೆಟ್ಟು ಕುಳಿತಿರುತ್ತಾರೆ. ಅಮೆರಿಕದ ಅರಿಜೋನಾ ರಾಜ್ಯದ ಫೀನಿಕ್ಸ್ ನಗರದಲ್ಲಿ ನೆಲೆಸಿರುವ ಅಕ್ಕ-ಭಾವ ಕರೆದಾಗ, "ದೊಡ್ಡ ಗುಂಡಿಯ ಅಂಚಿನಲ್ಲಿ ನಿಂತು ಫೋಟೋ ತೆಗೆದು ವಾಪಸು ಬರುವುದಾದರೆ ನಾನು ಅಜ್ಜನ ಮನೆಯಲ್ಲೇ ಇರುತ್ತೇನೆ" ಎಂದು ನಮ್ಮ ಮಗಳು ಮೊದಲೇ ಹೇಳಿದ್ದಳು. ಗ್ರ್ಯಾಂಡ್ ಕ್ಯಾನಿಯನ್ ಎಂಬ ಜಗತ್ಪ್ರಸಿದ್ಧ ಕಣಿವೆಗೆ ಅವಳು ಕೊಟ್ಟ ಹೆಸರು ಅದು!

ಆದರೂ ಈ ಪ್ರಯಾಣ ಆಗಲೇಬೇಕೆಂದು ನಮಗೆ ಹಟವಿತ್ತು. ಅಕ್ಕನ ಮಗನಿಗೆ ಆಗ ಹದಿನೇಳು ವರ್ಷ. ಆಗಸ್ಟ್‌ನಲ್ಲಿ ದೂರದ ಕಾಲೇಜಿಗೆ ಹೊರಡುವವನು. ಅವನೂ ನಮ್ಮ ಮಕ್ಕಳೂ ಅದುವರೆಗೆ ಒಟ್ಟಿಗೆ ಇದ್ದದ್ದು ಅಜ್ಜಿ ತೀರಿಕೊಂಡಾಗ ನಾಲ್ಕು ದಿನ ಮಾತ್ರ. ಅವನಿಗೆ ಕನ್ನಡ ಅರ್ಥವಾಗುತ್ತದೆ, ಉತ್ತರ ಮಾತ್ರ ಇಂಗ್ಲಿಷಿನಲ್ಲಿ. ಈ ಬಾರಿ ಹತ್ತಿರವಾಗದಿದ್ದರೆ ಮುಂದೆ ಮದುವೆಯ ಫೋಟೋಗಳಲ್ಲಷ್ಟೇ ಪರಿಚಯ ಎಂದು ಅಕ್ಕ ಫೋನಿನಲ್ಲಿ ಅತ್ತಿದ್ದಳು. ಮಗಳ ಎಸ್ಸೆಸ್ಸೆಲ್ಸಿ ಮುಗಿದಿತ್ತು. 2024ರ ಮೇ ಕೊನೆಯ ವಾರವನ್ನು ಗೊತ್ತುಮಾಡಿದೆವು.

ಅಕ್ಕನ ಮನೆಯ ಊಟದ ಮೇಜಿನ ಮೇಲೆ ಭಾವ ನಕ್ಷೆ ಹರಡಿ ಒಂದು ಕಾನೂನು ಹಾಕಿದರು. ಐದು ದಿನಗಳಲ್ಲಿ ಮೂರು ದಿನ ಮೂವರು ಮಕ್ಕಳವು. ಅವರವರ ದಿನ ಏನು ಮಾಡಬೇಕೆಂದು ಅವರೇ ಹೇಳಬೇಕು, ಉಳಿದವರು ಗೊಣಗದೆ ಹೋಗಬೇಕು. ಕಾರು ದಿನಕ್ಕೆ ಐದು ಗಂಟೆಗಿಂತ ಹೆಚ್ಚು ಓಡಬಾರದು. ಈ ಕಾನೂನು ಬಂದ ಮೇಲೆ ಮೊಬೈಲ್‌ಗಳು ಕೈಯಲ್ಲೇ ಇದ್ದವು, ಆದರೆ ಮೂರು ತಲೆಗಳೂ ನಕ್ಷೆಯ ಮೇಲೆ ಬಗ್ಗಿದವು.

ಮೊದಲ ದಿನ ಹದಿಮೂರರ ನಮ್ಮ ಮಗನದು. ಅವನಿಗೆ ಕಳ್ಳಿ ಮತ್ತು ನಕ್ಷತ್ರ ಬೇಕಿತ್ತು. ಫೀನಿಕ್ಸ್ ಇರುವುದು ಸೊನೊರನ್ ಮರುಭೂಮಿಯಲ್ಲಿ. ಮರುಭೂಮಿಯೆಂದರೆ ಮರಳಿನ ದಿಬ್ಬ ಎಂದುಕೊಂಡಿದ್ದ ನಮಗೆ ಅದು ಕುರುಚಲು ಕಾಡಿನಂತೆ ಕಂಡಿತು. ಬೆಳಿಗ್ಗೆ ಐದೂವರೆಗೇ ಹೊರಟೆವು. ಒಂಬತ್ತು ಗಂಟೆಯ ಮೇಲೆ ಅಲ್ಲಿ ನಡೆಯುವುದು ಬುದ್ಧಿವಂತರ ಕೆಲಸವಲ್ಲ. ಸಗ್ವಾರೋ ಎಂಬ ಕಂಬದಂಥ ಕಳ್ಳಿ ನಲವತ್ತು ಅಡಿಯವರೆಗೂ ಬೆಳೆಯುತ್ತದೆ. ಮೊದಲ ಕೊಂಬೆ ಒಡೆಯಲು ಅದಕ್ಕೆ ಐವತ್ತರಿಂದ ನೂರು ವರ್ಷ ಬೇಕು. ಮೇ-ಜೂನ್‌ನಲ್ಲಿ ತುದಿಯಲ್ಲಿ ಬಿಳಿ ಹೂ ಬಿಡುತ್ತದೆ. ರಾತ್ರಿ ಅರಳಿದ ಹೂ ಮರುದಿನ ಮಧ್ಯಾಹ್ನಕ್ಕೆ ಮುದುಡುತ್ತದೆ. ಕೊಂಬೆಯಿಲ್ಲದ ಒಂದು ಕಳ್ಳಿಯನ್ನು ತೋರಿಸಿ ಮಗ, "ಇದು ಅಜ್ಜನಷ್ಟು ಹಳತಿರಬಹುದು, ಆದರೂ ಇನ್ನೂ ಮಗು" ಎಂದ.

ಅಲ್ಲಿಂದ ಕಣಿವೆಯ ದಕ್ಷಿಣದ ಅಂಚಿಗೆ ಸುಮಾರು 370 ಕಿಲೋಮೀಟರ್. ದಾರಿ ಏರುತ್ತಾ ಹೋಗಿ ಕಳ್ಳಿ ಮಾಯವಾಗಿ ಪೈನ್ ಮರಗಳು ಬರುತ್ತವೆ. ಅಂಚು ಇರುವುದು ಸಮುದ್ರಮಟ್ಟದಿಂದ 2,100 ಮೀಟರ್ ಎತ್ತರದಲ್ಲಿ, ರಾತ್ರಿಗೆ ಸ್ವೆಟರ್ ಬೇಕೇ ಬೇಕು. 2019ರಲ್ಲಿ ಇದಕ್ಕೆ ಅಂತರರಾಷ್ಟ್ರೀಯ ಕತ್ತಲೆ ಆಕಾಶದ ಉದ್ಯಾನ ಎಂಬ ಮಾನ್ಯತೆ ಸಿಕ್ಕಿದೆ. ಹಾಲುಹಾದಿಯನ್ನು ಅಷ್ಟು ಸ್ಪಷ್ಟವಾಗಿ ನಾವು ಕಂಡದ್ದು ಅಲ್ಲಿಯೇ.

ಎರಡನೆಯ ದಿನ ಅಕ್ಕನ ಮಗನದು, ಅಲ್ಲಿಯೇ ಸಂಕಟ ಶುರುವಾದದ್ದು. ಬ್ರೈಟ್ ಏಂಜೆಲ್ ಎಂಬ ಕಾಲುದಾರಿಯಲ್ಲಿ ಕೊಲೊರಾಡೋ ನದಿಯವರೆಗೆ ಇಳಿದು ಅದೇ ದಿನ ಹತ್ತಿ ಬರುವುದು ಅವನ ಯೋಜನೆ. ಇಳಿಯಲು ಹನ್ನೆರಡು ಕಿಲೋಮೀಟರಿಗೂ ಹೆಚ್ಚು, ಹತ್ತಲು ಮತ್ತೆ ಅಷ್ಟೇ. ಅಂಚಿನಲ್ಲಿ ತಂಪಿದ್ದರೂ ತಳದಲ್ಲಿ ಹತ್ತು-ಹನ್ನೊಂದು ಡಿಗ್ರಿ ಹೆಚ್ಚು ಬಿಸಿ. ಬೆಟ್ಟ ಹತ್ತುವಾಗ ದಣಿದವನು ಅರ್ಧದಲ್ಲೇ ತಿರುಗಿ ಇಳಿಯಬಹುದು. ಕಣಿವೆಯಲ್ಲಿ ಹಾಗಲ್ಲ, ಸುಲಭದ ಇಳಿಜಾರು ಮೊದಲು, ಕಷ್ಟದ ಏರು ದಣಿದ ಮೇಲೆ, ಅದೂ ನೆತ್ತಿಯ ಬಿಸಿಲಿನಲ್ಲಿ. ನದಿಗೆ ಹೋಗಿ ಒಂದೇ ದಿನದಲ್ಲಿ ಮರಳುವ ಸಾಹಸ ಬೇಡವೆಂದು ಉದ್ಯಾನದವರೇ ಎಚ್ಚರಿಸುತ್ತಾರೆ. ಅಕ್ಕ ಬೇಡವೆಂದಳು, ಹುಡುಗ ಬಾಗಿಲು ಹಾಕಿಕೊಂಡ. "ನನ್ನ ದಿನ ಎಂದಿರಲ್ಲ" ಎಂಬ ಅವನ ಮಾತಿಗೆ ನಮ್ಮಲ್ಲಿ ಉತ್ತರವಿರಲಿಲ್ಲ.

ಭಾವನಿಗೆ ಇತ್ತು. "ದಿನ ನಿನ್ನದೇ. ರೇಂಜರ್ ಹತ್ತಿರ ನೀನೇ ಹೋಗಿ ಮಾತಾಡಿ ಬಾ, ಆಮೇಲೆ ನೀನು ಹೇಳಿದ್ದೇ ಆಗಲಿ" ಎಂದರು. ನಮ್ಮ ಮಗಳೂ ಜೊತೆಗೆ ಹೋದಳು. ಉದ್ಯಾನದ ಆ ಕಾವಲುಗಾರ್ತಿ ಉಪದೇಶ ಮಾಡಲಿಲ್ಲವಂತೆ. ಎಷ್ಟು ನೀರು ಹೊರುತ್ತೀ, ಉಪ್ಪಿನ ತಿಂಡಿ ಏನಿದೆ, ನಿಧಾನವಾಗಿ ನಡೆಯುವ ಚಿಕ್ಕವನನ್ನು ಎಲ್ಲಿ ಬಿಡುತ್ತೀ ಎಂದು ಕೇಳಿದರಂತೆ. ಮೂರನೆಯ ಪ್ರಶ್ನೆಗೆ ಹುಡುಗ ಸೋತ. ಬಂದವನೇ ಹೊಸ ಯೋಜನೆ ಹೇಳಿದ: ಎಲ್ಲರೂ 2.4 ಕಿಲೋಮೀಟರ್ ಕೆಳಗಿನ ಮೊದಲ ತಂಗುದಾಣದವರೆಗೆ, ಅಲ್ಲಿಂದ ಅವನು, ಅವನ ಅಪ್ಪ ಮತ್ತು ನಮ್ಮ ಮಗಳು ಇನ್ನೂ ಅಷ್ಟೇ ದೂರದ ಎರಡನೆಯದಕ್ಕೆ. ಇಳಿಯಲು ಒಂದು ಗಂಟೆಯಾದರೆ ಹತ್ತಲು ಎರಡು ಗಂಟೆ ಎಂಬುದು ಅಲ್ಲಿಯ ಲೆಕ್ಕ. ಬರೀ ನೀರು ಕುಡಿದು ಉಪ್ಪು ತಿನ್ನದಿದ್ದರೂ ದೇಹಕ್ಕೆ ಅಪಾಯ. ಅಕ್ಕ ಮಾಡಿದ ಚಕ್ಕುಲಿ, ಉಪ್ಪು ಹಾಕಿದ ನೆಲಗಡಲೆ ಆ ದಿನ ಔಷಧಿಯಂತೆ ಖರ್ಚಾಯಿತು. ತಂಗುದಾಣಗಳಲ್ಲಿ ಕುಡಿಯುವ ನೀರು ಬೇಸಿಗೆಯಲ್ಲಿ ಮಾತ್ರ. ಕೊಳವೆ ಒಡೆದರೆ ಅದೂ ಇಲ್ಲ. ಆದ್ದರಿಂದ ಕೇಳಿಯೇ ಇಳಿಯಬೇಕು.

ಮೂರನೆಯ ದಿನ ನಮ್ಮಂಥ ಮೊಣಕಾಲು ನೋವಿನವರದು. ಅಂಚಿನ ಉದ್ದಕ್ಕೂ 'ಟ್ರೇಲ್ ಆಫ್ ಟೈಮ್' ಎಂಬ ಸಮತಟ್ಟಾದ ದಾರಿಯನ್ನು 2010ರಲ್ಲಿ ತೆರೆದಿದ್ದಾರೆ. ಒಂದು ಮೀಟರ್ ನಡೆದರೆ ಹತ್ತು ಲಕ್ಷ ವರ್ಷ ಹಿಂದಕ್ಕೆ ಹೋದಂತೆ. ಆಯಾ ಕಾಲದ ಬಂಡೆಯನ್ನು ಆಯಾ ಜಾಗದಲ್ಲಿ ಇಟ್ಟಿದ್ದಾರೆ, ಮುಟ್ಟಿ ನೋಡಬಹುದು. ಮೇಲಿನ ಸುಣ್ಣಕಲ್ಲಿಗೆ ಸುಮಾರು 27 ಕೋಟಿ ವರ್ಷ, ತಳದ ಕಪ್ಪು ಬಂಡೆಗೆ 170 ಕೋಟಿಗೂ ಹೆಚ್ಚು. ಕ್ರಿಸ್ತ ಹುಟ್ಟಿ ಎಷ್ಟು ದೂರವಾಯಿತೆಂದು ಮಗ ಲೆಕ್ಕಹಾಕಿದ: ಎರಡು ಮಿಲಿಮೀಟರ್! ಊರಿನ ಮುರಕಲ್ಲಿನ ಕೋರೆಯಲ್ಲಿ ಪದರ ನೋಡಿದವರು ನಾವು. ಅದೇ ಕೋರೆ 446 ಕಿಲೋಮೀಟರ್ ಉದ್ದ, ಒಂದೂವರೆ ಕಿಲೋಮೀಟರಿಗೂ ಹೆಚ್ಚು ಆಳವಾದರೆ ಹೇಗಿರಬಹುದೋ ಹಾಗಿದೆ ಅದು. ಎದುರಿನ ಶಿಖರಗಳ ಹೆಸರು ವಿಷ್ಣು ಟೆಂಪಲ್, ಶಿವ ಟೆಂಪಲ್, ಬ್ರಹ್ಮ ಟೆಂಪಲ್ ಎಂದು ಓದಿ ಮಕ್ಕಳಿಗೆ ನಗುವೋ ನಗು. 1880ರ ದಶಕದಲ್ಲಿ ಕ್ಲಾರೆನ್ಸ್ ಡಟನ್ ಎಂಬ ಭೂವಿಜ್ಞಾನಿ ಪೂರ್ವ ದೇಶಗಳ ಹೆಸರಿಡುವ ಈ ಪದ್ಧತಿ ಹಾಕಿದವರು.

ಇಲ್ಲೊಂದು ಮಾತು. ಗಾಜಿನ ಸೇತುವೆಯ ಚಿತ್ರ ನೋಡಿ ಇಲ್ಲಿಗೆ ಬರುವವರಿದ್ದಾರೆ. 2007ರಲ್ಲಿ ತೆರೆದ ಆ ಸೇತುವೆ ಇರುವುದು ಪಶ್ಚಿಮದಲ್ಲಿ, ಹ್ವಾಲಪಾಯ್ ಬುಡಕಟ್ಟಿನ ನೆಲದಲ್ಲಿ; ದಕ್ಷಿಣದ ಅಂಚಿನಿಂದ ಕಾರಿನಲ್ಲಿ ನಾಲ್ಕು ಗಂಟೆಗೂ ಹೆಚ್ಚಿನ ದಾರಿ. ಉತ್ತರದ ಅಂಚಿನ ಹಳೆಯ ಲಾಡ್ಜ್ 2025ರ ಜುಲೈ ಕಾಡ್ಗಿಚ್ಚಿನಲ್ಲಿ ಸುಟ್ಟುಹೋಯಿತು.

ಮಗಳ ಪಾಲಿಗೆ ಬಂದದ್ದು ಪೇಜ್ ಎಂಬ ಪಟ್ಟಣದ ಹತ್ತಿರದ ಆಂಟಿಲೋಪ್ ಕ್ಯಾನಿಯನ್. ಅದು ಇಬ್ಬರು ಪಕ್ಕಪಕ್ಕ ನಡೆಯಲು ಕಷ್ಟವಾಗುವ ಕಿರಿದಾದ ಕೊರಕಲು. ಮಳೆನೀರು ಕೆಂಪು ಮರಳುಗಲ್ಲನ್ನು ರೇಷ್ಮೆ ಸೀರೆಯ ನೆರಿಗೆಯಂತೆ ಕೊರೆದಿದೆ. ನವಾಹೋ ಜನರ ನೆಲವಾದ್ದರಿಂದ ಅವರ ಮಾರ್ಗದರ್ಶಕರಿಲ್ಲದೆ ಪ್ರವೇಶವಿಲ್ಲ, ಟಿಕೆಟ್ ಮೊದಲೇ ತೆಗೆಯಬೇಕು. 1997ರ ಆಗಸ್ಟ್‌ನಲ್ಲಿ ದೂರದಲ್ಲೆಲ್ಲೋ ಸುರಿದ ಮಳೆಯ ನೀರು ಏಕಾಏಕಿ ಇದರೊಳಗೆ ನುಗ್ಗಿ ಹನ್ನೊಂದು ಪ್ರವಾಸಿಗರು ಪ್ರಾಣ ಕಳೆದುಕೊಂಡರು. ನೀರು ನುಗ್ಗುವ ಅಪಾಯವಿದ್ದರೆ ಈಗ ಒಳಗೆ ಬಿಡುವುದಿಲ್ಲ. ದೂರದಿಂದ ಬಂದಿದ್ದೇವೆಂದು ವಾದಿಸಬೇಡಿ. ಗಡಿಯಾರವೂ ಅಲ್ಲಿ ಮೋಸ ಮಾಡುತ್ತದೆ. ಅರಿಜೋನಾದವರು ಬೇಸಿಗೆಗೆ ಗಡಿಯಾರ ಮುಂದಿಡುವುದಿಲ್ಲ, ನವಾಹೋ ನಾಡಿನವರು ಇಡುತ್ತಾರೆ. ಆದ್ದರಿಂದ ಟಿಕೆಟಿನಲ್ಲಿರುವ ಸಮಯ ಯಾವುದೆಂದು ಮೊದಲೇ ಕೇಳಿಡಿ.

ಖರ್ಚಿನ ವಿಷಯ. ನಾವು ಹೋದಾಗ ಇಡೀ ಕಾರಿಗೆ ಒಂದೇ ಪ್ರವೇಶ ಶುಲ್ಕವಿತ್ತು. 2026ರ ಜನವರಿಯಿಂದ ಅಮೆರಿಕದ ನಿವಾಸಿಗಳಲ್ಲದ, ಹದಿನಾರು ತುಂಬಿದ ಪ್ರತಿಯೊಬ್ಬರಿಗೆ ಗ್ರ್ಯಾಂಡ್ ಕ್ಯಾನಿಯನ್ ಸೇರಿ ಹನ್ನೊಂದು ಉದ್ಯಾನಗಳಲ್ಲಿ ತಲಾ 100 ಡಾಲರ್ ಹೆಚ್ಚುವರಿ ಎಂದು ಮಾಡಿದ್ದಾರೆ. ಅಲ್ಲಿ ಮಕ್ಕಳಿರುವವರು ಹೊರಡುವ ಮೊದಲು ವಿಚಾರಿಸಿಕೊಳ್ಳಿ. ಅಕ್ಕನ ಮಗ ಈಗ ಕಾಲೇಜಿನಿಂದ ಭಾನುವಾರ ಫೋನ್ ಮಾಡುತ್ತಾನೆ. ನಮ್ಮೊಡನೆ ಎರಡು ನಿಮಿಷ, ತಂಗಿಯೊಡನೆ ಅರ್ಧ ಗಂಟೆ. ನದಿಯವರೆಗೆ ಇಳಿದು ರಾತ್ರಿ ತಳದಲ್ಲೇ ತಂಗುವುದಕ್ಕೆ ಅನುಮತಿ ಪಡೆಯುವುದು ಹೇಗೆಂದು ಅವರಿಬ್ಬರೂ ಈಗಾಗಲೇ ವಿಚಾರಿಸಿಟ್ಟಿದ್ದಾರೆ.